ಏಳು ಶೇಂಗಾ, ಒಂದು ಪುಟಾಣಿ

ಎರಡು ತಿಂಗಳ ಹಿಂದೆ ನಮ್ಮ ಬೆಳಗಿನ ರೈಲಿನಲ್ಲಿ ಒಬ್ಬರನ್ನು ನಾಷ್ಟಾಕ್ಕೆ ಕರೆದೆವು. ಅವರು ಬಂದೇಬಿಟ್ಟರು.

ಇದರಲ್ಲೇನು ವಿಶೇಷ ಅಂತೀರಾ? ಹಾಗಾದರೆ ನೀವು ನಮ್ಮ ಕಡೆಯವರಲ್ಲ.

ನಮ್ಮ ಕಡೆ ಡಬ್ಬಿ ಬಿಚ್ಚಿದಾಗ ಎದುರಿಗೆ ಯಾರಿದ್ದರೂ ಕರೆಯಬೇಕು. ‘ಬರ್ರಿ, ನಾಷ್ಟಾ ಮಾಡಮ್ರಿ’ ಅನ್ನಬೇಕು. ಅವರು ‘ಆತ್ರಿ, ನಿಮ್ದು ನಡೀಲಿ’ ಅನ್ನಬೇಕು. ನಾವು ಬಿಡಬಾರದು. ‘ಏ, ಒಂದ್ ತುತ್ತು ಬರ್ರಲ್ಲ’ ಅನ್ನಬೇಕು. ಅವರು ಹೊಟ್ಟೆಯ ಮೇಲೆ ಕೈಯಾಡಿಸಿ ‘ಈಗರೆ ಆಗ್ಯದ್ರಿ’ ಅನ್ನಬೇಕು. (ಆಗಿರುವುದಿಲ್ಲ. ಹೊಟ್ಟೆ ಚುರುಗುಡುತ್ತಿರುತ್ತದೆ.) ಅಲ್ಲಿಗೆ ಮರ್ಯಾದೆ ಮುಗಿಯಿತು. ಕರೆದವರು ತಿನ್ನುತ್ತಾರೆ, ಕರೆಸಿಕೊಂಡವರು ಕಿಟಕಿ ನೋಡುತ್ತಾರೆ.

ಚನ್ನೇಗೌಡರಿಗೆ ಇದು ಗೊತ್ತಿರಲಿಲ್ಲ.

ಈ ಅಂಕಣವನ್ನು ಮೊದಲಿನಿಂದ ಓದುವವರಿಗೆ ನಮ್ಮ ಅಪ್-ಡೌನ್ ಬಳಗ ಗೊತ್ತು. ಹೊಸಬರಿಗೆ ಎರಡು ಮಾತು. ನಾನು ಶಹಾಬಾದಿನಲ್ಲಿರುವವಳು, ಸೇಡಂನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಟೀಚರ್. ದಿನಾ ಬೆಳಿಗ್ಗೆ ರೈಲು, ಸಂಜೆ ರೈಲು. ಹೀಗೇ ಓಡಾಡುವ ಎಂಟು ಮಂದಿ ಸರ್ಕಾರಿ ನೌಕರರು ಒಂದೇ ಬೋಗಿಯಲ್ಲಿ, ಒಂದೇ ಜಾಗದಲ್ಲಿ ಕೂರುತ್ತೇವೆ. ಈ ಬೆಂಚಿನಲ್ಲಿ ನಾಲ್ವರು, ಎದುರಿನ ಬೆಂಚಿನಲ್ಲಿ ನಾಲ್ವರು. ಚಿತ್ತಾಪುರ ದಾಟಿದ ಮೇಲೆ ಎಂಟೂ ಡಬ್ಬಿ ಒಟ್ಟಿಗೆ ಬಿಚ್ಚುತ್ತೇವೆ. ಯಾರ ರೊಟ್ಟಿ ಯಾರ ಪಲ್ಯ ಅಂತಿಲ್ಲ, ಎಲ್ಲ ಕಡೆ ಕೈ ಹೋಗುತ್ತದೆ.

ಚಿತ್ತಾಪುರ ದಾಟಿದ ಮೇಲೇ ಯಾಕೆ? ಪಿ.ಟಿ. ಮಾಸ್ತರ ರೇವಣಸಿದ್ದಪ್ಪ ಚಿತ್ತಾಪುರದಲ್ಲಿ ಹತ್ತುತ್ತಾರೆ. ನಮ್ಮ ಪೈಕಿ ಒಬ್ಬರು ಮಳಖೇಡದಲ್ಲಿ ಇಳಿಯುತ್ತಾರೆ. ಹೀಗಾಗಿ ಎಂಟೂ ಮಂದಿ ಒಟ್ಟಿಗೆ ಇರುವುದು ಚಿತ್ತಾಪುರದಿಂದ ಮಳಖೇಡದವರೆಗೆ ಮಾತ್ರ. ಕಿಟಕಿಯಲ್ಲಿ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ಕಂಡಿತೆಂದರೆ ಡಬ್ಬಿ ತೊಳೆಯುವ ಹೊತ್ತು. ನಮ್ಮ ಬಳಗದ ಆಯುಷ್ಯ ದಿನಕ್ಕೆ ಅಷ್ಟೇ.

ಚನ್ನೇಗೌಡರು ಮಂಡ್ಯ ಕಡೆಯವರು. ರಿಟೈರ್ ಆಗಲು ಇನ್ನು ಕೆಲವೇ ವರ್ಷ ಇರುವಾಗ ಅಧಿಕಾರಿಯಾಗಿ ಪ್ರಮೋಷನ್ ಸಿಕ್ಕಿತು, ಜೊತೆಗೆ ಸೇಡಂ ಸಿಕ್ಕಿತು. ಊರಿಗೆ ಹೋಗಿಬರಲು ರೈಲು ಅನುಕೂಲ ಅಂತ ವಾಡಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ದೊಡ್ಡ ಮೈ. ಮೆಲು ದನಿ. ಮೊದಲ ದಿನ ನಮ್ಮ ಪಕ್ಕದ ಸಾಲಿನಲ್ಲಿ, ನಡುವಿನ ದಾರಿಯ ಆಚೆ, ಒಂಟಿ ಸೀಟಿನಲ್ಲಿ ಕೂತಿದ್ದರು. ವಾಡಿಯಲ್ಲಿ ಹತ್ತುವ ಶಮೀಮ್ ಆಪಾ ಪದ್ಧತಿಯಂತೆ ಕರೆದರು.

“ಬರ್ರಿ ಸರ್, ನಾಷ್ಟಾ ಮಾಡಮ್ರಿ.”

“ಓ, ಬಂದೆ ಮೇಡಂ,” ಅಂತ ಅವರು ಎದ್ದರು.

ಎಂಟು ಮಂದಿಯ ಕೈ ಎಂಟು ಡಬ್ಬಿಯ ಮೇಲೆ ಹಾಗೇ ನಿಂತವು. ಅವರು ಬಂದು, ಸರಿದುಕೊಳ್ಳಿ ಅಂತ ಕಣ್ಣಲ್ಲೇ ಕೇಳಿ, ಕೂತು, ಆಪಾ ಮಾಡಿದ ಪುಂಡಿ ಪಲ್ಯ ತಿಂದು, “ಇದೇನು ಸೊಪ್ಪು ಮೇಡಂ, ಹುಳಿಹುಳಿಯಾಗಿ ಎಷ್ಟು ಚೆನ್ನಾಗಿದೆ” ಅಂದರು. ಆಪಾ ಕರಗಿದರು. ಮರುದಿನ ಗೌಡರು ತಾವೂ ಒಂದು ಡಬ್ಬಿ ತಂದರು. ಒಳಗೆ ರಾಗಿ ಮುದ್ದೆ, ಸೊಪ್ಪಿನ ಸಾರು. ಬೆಳಿಗ್ಗೆ ಎದ್ದು ತಾವೇ ಮಾಡಿದ್ದು. ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿಯಲು ಹೋಗಿ ರೇವಣಸಿದ್ದಪ್ಪ ಮಾಸ್ತರ ಹಲ್ಲಿಗೆ ಅಂಟಿಸಿಕೊಂಡರು. “ನುಂಗಬೇಕು ಸಾರ್, ಅಗೀಬಾರ್ದು,” ಅಂತ ಗೌಡರು ಹೇಳಿಕೊಟ್ಟರು. ಒಂದು ವಾರದಲ್ಲಿ ಅವರು ನಮ್ಮವರಾಗಿಬಿಟ್ಟಿದ್ದರು.

ಆಗಿಬಿಟ್ಟಿದ್ದರಾ? ಯಾರು ಹೇಳಿದರು?

ಈ ಪ್ರಶ್ನೆ ಎತ್ತಿದ್ದು ಮಹಾಂತಪ್ಪನವರು. ತಾಲೂಕು ಕಚೇರಿಯ ಹಳೆಯ ಗುಮಾಸ್ತರು, ನಮ್ಮ ಬಳಗದ ಹಿರಿಯರು. ನನ್ನ ಜೊತೆ ಶಹಾಬಾದಿನಲ್ಲಿ ಹತ್ತುತ್ತಾರೆ. ಒಂದು ದಿನ ರೈಲು ಹೊರಟ ಕೂಡಲೇ ಶುರು ಮಾಡಿದರು.

“ಸುವರ್ಣಾ ಮೇಡಂ, ಒಂದ್ ಮಾತು ಕೇಳ್ತೀನಿ. ಗೌಡರನ್ನ ನಮ್ಮ ಗುಂಪಿನ್ಯಾಗ ಸೇರಿಸ್ಕೊಂಡವರು ಯಾರು?”

“ಆಪಾ ಕರೆದರು, ಬಂದರು.”

“ಕರೀತಾರ್ರಿ. ನಾವು ಎಲ್ಲಾರಿಗೂ ಕರೀತೀವಿ. ಹಂಗಂತ ಎಲ್ಲಾರು ಬಂದ್ರ ನಾಳಿ ನಾನು ಎಲ್ಲಿ ಕುಂದರ್ಲಿ? ಈಗರೆ ನೋಡ್ರಿ, ಹದಿನೈದು ದಿನ ಆತು, ಚಿತ್ತಾಪುರದಿಂದ ನಿಂತೇ ಬರಾಕತ್ತೀನಿ. ಮೊಣಕಾಲು ಹಿಡದಾವ.”

ಮಾತು ಖರೆ. ಗೌಡರದು ಒಂದೂವರೆ ಸೀಟಿನ ಮೈ. ಚಿತ್ತಾಪುರದಲ್ಲಿ ರೇವಣಸಿದ್ದಪ್ಪ ಮಾಸ್ತರ ಹತ್ತಿದಾಗ ಒಂಬತ್ತು ಜನ. ಹೆಂಗಸರಿಗೆ ಬಿಟ್ಟುಕೊಟ್ಟು, ಹೊಸಬರಿಗೆ ಬಿಟ್ಟುಕೊಟ್ಟು, ಕೊನೆಗೆ ಕಂಬಿ ಹಿಡಿದು ನಿಲ್ಲುತ್ತಿದ್ದವರು ಮಹಾಂತಪ್ಪನವರೇ. ಅವರ ಬಾಯಿ ಒರಟು, ನಡತೆ ಮೆದು.

“ನನಗ ಆ ಮನಷ್ಯಾನ ಮ್ಯಾಲೆ ಏನೂ ಸಿಟ್ಟಿಲ್ಲ. ಭಾಳ ಛಲೋ ಮನಷ್ಯಾ. ಆದ್ರ ಒಂದು ಪದ್ಧತಿ ಬ್ಯಾಡೇನ್ರಿ? ಇನ್ ಮ್ಯಾಲೆ ಯಾರೇ ಬರ್ಲಿ, ಎಂಟೂ ಮಂದಿ ಓಟ್ ಹಾಕಬೇಕು.”

ವಾಡಿಯಲ್ಲಿ ಆಪಾ ಹತ್ತಿದರು. ಅವರ ಹಿಂದೆಯೇ ಗೌಡರೂ ಹತ್ತಿದರು. ಮಾತು ಅಲ್ಲಿಗೇ ನಿಂತಿತು.

ತಮಾಷೆ ಅಂದರೆ ಇದೇ. ಯಾರ ಬಗ್ಗೆ ಮಾತಾಡಬೇಕೋ ಅವರು ಸದಾ ನಮ್ಮ ನಡುವೆಯೇ ಕೂತಿರುತ್ತಾರೆ. ಅವರಿಲ್ಲದ ಜಾಗ ಶಹಾಬಾದ್-ವಾಡಿ ನಡುವಿನದು ಒಂದೇ. ಅಲ್ಲಿ ನಾವು ಇಬ್ಬರೇ. ಇಬ್ಬರ ಸಭೆಯಲ್ಲಿ ಎಂಟು ಮಂದಿಯ ನಿರ್ಧಾರ ಮಾಡಲಾದೀತೇ? ವಾಟ್ಸಾಪ್‌ನಲ್ಲಿ ಮಾತಾಡೋಣ ಅಂದರೆ ಆಪಾ ಮೊದಲ ವಾರವೇ ಗೌಡರನ್ನು ಗ್ರೂಪಿಗೆ ಸೇರಿಸಿಬಿಟ್ಟಿದ್ದರು, ರೈಲು ಲೇಟಾದರೆ ಗೊತ್ತಾಗಲಿ ಅಂತ.

ಆಪಾರಿಗೆ ನಾನು ಶಾಲೆ ಬಿಟ್ಟ ಮೇಲೆ ಫೋನ್ ಮಾಡಿ ವಿಷಯ ಹೇಳಿದೆ.

“ಮನಷ್ಯಾರ ಮ್ಯಾಲೆ ಓಟ್ ಹಾಕ್ತಾರೇನ್ ಸುವರ್ಣಾ? ಎಲೆಕ್ಷನ್‌ಗೆ ನಿಂತವರ ಮ್ಯಾಲೆ ಹಾಕ್ತಾರ. ಇವರು ಎಲ್ಲಿ ನಿಂತಾರ? ಪಾಪ, ಕುಂತಾರ.”

ನನಗೆ ಕುತೂಹಲ ಹತ್ತಿತು. ನಾವೆಲ್ಲ ಈ ಬಳಗಕ್ಕೆ ಬಂದಿದ್ದಾದರೂ ಹೇಗೆ? ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ನನ್ನದು ನನಗೆ ನೆನಪಿದೆ. ಕೆಲಸಕ್ಕೆ ಸೇರಿದ ಹೊಸತು, ನನ್ನ ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂತುಬಿಟ್ಟಿತ್ತು. ಎದುರಿಗಿದ್ದ ಮಹಾಂತಪ್ಪನವರು ಕೀಲಿಕೈ ತೂರಿಸಿ ತೆಗೆದುಕೊಟ್ಟರು. ತೆಗೆದುಕೊಟ್ಟವರಿಗೆ ಕೊಡದೆ ತಿನ್ನಲು ಮನಸ್ಸಾಗುತ್ತದೆಯೇ? ಕೊಟ್ಟೆ. ಅವರೂ ತಮ್ಮ ಡಬ್ಬಿ ಮುಂದೆ ಮಾಡಿದರು. ಆವತ್ತಿನಿಂದ ಇಲ್ಲೇ ಇದ್ದೇನೆ. ರೇವಣಸಿದ್ದಪ್ಪ ಮಾಸ್ತರ ಯಾರದೋ ಸೀಟು ಅಂತ ತಿಳಿಯದೆ ಕೂತವರು, ಏಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಸೇಡಂನಲ್ಲಿ ಇಳಿದು ಚಿಂಚೋಳಿ ಬಸ್ ಹಿಡಿಯುವ ಗುರುನಾಥ ಸರ್ ಒಂದು ದಿನ ಉಪ್ಪಿನಕಾಯಿ ಕೇಳಲು ಬಂದವರು, ಹಿಂದಿರುಗಲಿಲ್ಲ.

“ಮಹಾಂತಪ್ಪನವರೇ, ನೀವು ಹೇಗೆ ಸೇರಿದಿರಿ?” ಅಂದೆ.

“ನಾ ಸೇರಿಲ್ರಿ. ನಾ ಸುರು ಮಾಡೇನಿ.”

ಪಕ್ಕದಲ್ಲಿದ್ದ ಆಪಾ ಬಿಡಲಿಲ್ಲ. “ನಾ ಬಂದಾಗ ನೀವು ಒಬ್ಬರೇ ಕುಂತು ತಿನ್ಲಿಕತ್ತಿದ್ರಿ. ಒಬ್ಬರು ತಿಂದ್ರ ಅದು ಗುಂಪು ಹೆಂಗಾಗ್ತದ? ನಾ ಬಂದ ಮ್ಯಾಲೆ ಗುಂಪಾತು. ಹಂಗ ನೋಡಿದ್ರ ಸುರು ಮಾಡಿದಾಕಿ ನಾನು.”

ಗೌಡರು ನಕ್ಕರು. ಯಾಕೆ ಈ ಇತಿಹಾಸ ಅಂತ ಅವರು ಕೇಳಲಿಲ್ಲ.

ಯೋಚಿಸಿ ನೋಡಿ. ನಾವು ಮನುಷ್ಯರ ಮೇಲೆ ಓಟು ಹಾಕುವುದೇ ಇಲ್ಲವೇ? ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ತಿಂದು, ‘ಫೋನ್ ಮಾಡಿ ತಿಳಸ್ತೀವಿ’ ಅಂದು ಬರುವುದು ಏನು? ಬಾಡಿಗೆಗೆ ಮನೆ ಕೇಳಲು ಬಂದವರ ಅಡ್ಡಹೆಸರು ವಿಚಾರಿಸಿ ಜಾತಿ ತಿಳಿದುಕೊಳ್ಳುವುದು ಏನು? ಹೊಸ ಸೊಸೆಯ ಮೊದಲ ಸಾರನ್ನು ಇಡೀ ಮನೆ ಚಪ್ಪರಿಸಿ ಮುಖ ಮುಖ ನೋಡಿಕೊಳ್ಳುವುದು ಏನು? ಅಲ್ಲೆಲ್ಲ ಓಟು ಹಾಕುತ್ತೇವೆ, ಓಟು ಅನ್ನುವುದಿಲ್ಲ. ಮಹಾಂತಪ್ಪನವರು ಕನಿಷ್ಠ ಅದಕ್ಕೊಂದು ಹೆಸರು ಕೊಟ್ಟರು ಅನ್ನಿಸಿತು ನನಗೆ. ಆ ಹೊತ್ತಿಗೆ ಹಾಗನ್ನಿಸಿತ್ತು.

ಇಷ್ಟಾದ ಮೇಲೆ ಎಂಟೂ ಮಂದಿಗೆ ವಿಷಯ ಹೇಗೋ ಮುಟ್ಟಿತು. (ಗುರುನಾಥ ಸರ್ ಕೈತೊಳೆಯುವ ನಲ್ಲಿಯ ಹತ್ತಿರ ಒಬ್ಬೊಬ್ಬರನ್ನೇ ಕರೆದು ಪಿಸುಗುಟ್ಟಿದರು. ಆ ವಾರ ನಮ್ಮಷ್ಟು ಕೈ ತೊಳೆದವರು ಇಡೀ ರೈಲಿನಲ್ಲಿ ಯಾರೂ ಇಲ್ಲ.) ಗೌಡರ ಹೆಸರು ಎತ್ತುವುದು ಬೇಡ, ಬರೀ ಪದ್ಧತಿಯ ವಿಷಯ ತೀರ್ಮಾನವಾಗಲಿ ಅಂತ ಆಯಿತು. ಹೊಸಬರನ್ನು ಸೇರಿಸಿಕೊಳ್ಳಬೇಕಾದರೆ ಸದಸ್ಯರ ಓಟು ಬೇಕೋ ಬೇಡವೋ? ಮೊದಲು ಇದರ ಮೇಲೆ ಓಟು.

ಇಲ್ಲಿ ನಮ್ಮ ಜಾತಕ ಅಡ್ಡ ಬಂತು. ನಾವು ಎಂಟೂ ಮಂದಿ ಎಲೆಕ್ಷನ್ ಡ್ಯೂಟಿ ಮಾಡಿ ಮಾಡಿ ಪಳಗಿದವರು. ಶಾಲೆಯ ಮೇಜಿನ ಮೇಲೆ ಮಲಗಿ, ಸೊಳ್ಳೆ ಕಡಿಸಿಕೊಂಡು ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಲ್ಲ ಮುಗಿಸಿದ್ದೇವೆ. ಸುಮ್ಮನೆ ಕೈ ಎತ್ತಿ ಮುಗಿಸುವ ಜನವೇ? ಗುಪ್ತ ಮತದಾನವೇ ಆಗಬೇಕು ಅಂದರು ಒಬ್ಬರು. ಚೀಟಿ ಬೇಡ, ಅಕ್ಷರ ಗುರುತು ಸಿಗುತ್ತದೆ ಅಂದರು ಇನ್ನೊಬ್ಬರು. ಕೊನೆಗೆ ಆಪಾ ದಾರಿ ಹೇಳಿದರು. ದಿನಾ ರೈಲಿನಲ್ಲಿ ಶೇಂಗಾ-ಪುಟಾಣಿ (ನಿಮ್ಮ ಕಡೆ ಹುರಿಗಡಲೆ) ಮಾರಲು ಮಾಣಿಕಪ್ಪ ಬರುತ್ತಾನಲ್ಲ, ಅವನ ಹತ್ತಿರ ತೆಗೆದುಕೊಂಡು ಎಲ್ಲರಿಗೂ ಒಂದೊಂದು ಶೇಂಗಾ, ಒಂದೊಂದು ಪುಟಾಣಿ ಕೊಡುವುದು. ಶೇಂಗಾ ಅಂದರೆ ‘ಬೇಕು’. ಪುಟಾಣಿ ಅಂದರೆ ‘ಬ್ಯಾಡ’. ಮುಷ್ಟಿ ಬಿಗಿಹಿಡಿದು ಖಾಲಿ ಡಬ್ಬಿಯೊಳಗೆ ಒಂದನ್ನು ಬಿಡುವುದು, ಉಳಿದ ಒಂದನ್ನು ಬಾಯಿಗೆ ಹಾಕಿಕೊಳ್ಳುವುದು. ಸಾಕ್ಷಿ ಹೊಟ್ಟೆಯೊಳಗೆ.

ಎಲ್ಲ ಸರಿ. ಪ್ರಿಸೈಡಿಂಗ್ ಆಫೀಸರ್ ಯಾರು? ಅಲ್ಲಿ ಓಟಿಲ್ಲದವರೇ ಆಗಬೇಕು. ನಿಯಮ ಗೊತ್ತಿರಬೇಕು. ಹುದ್ದೆಯಲ್ಲಿ ನಮಗಿಂತ ದೊಡ್ಡವರಾದರೆ ಇನ್ನೂ ಒಳ್ಳೆಯದು.

ಎಂಟು ಮಂದಿಯ ಕಣ್ಣೂ ಒಬ್ಬರ ಮೇಲೆ ಹೋದವು.

ನಗಬೇಡಿ. ಎಲೆಕ್ಷನ್ ಡ್ಯೂಟಿಯ ಗುಂಗಿನಲ್ಲಿ ನಮಗೆ ಯಾರಿಗೂ ಹೊಳೆಯಲೇ ಇಲ್ಲ. ಎಲ್ಲ ರೀತಿಯಿಂದಲೂ ಅರ್ಹರಾದವರು ಚನ್ನೇಗೌಡರು ಒಬ್ಬರೇ ಇದ್ದರು. ಮಹಾಂತಪ್ಪನವರೇ ಕೇಳಿದರು.

“ಸರ್, ಒಂದ್ ಸಣ್ಣ ಓಟಿಂಗ್ ಅದ. ನೀವು ಪ್ರಿಸೈಡಿಂಗ್ ಆಫೀಸರ್ ಆಗ್ರಲ್ಲ.”

“ವಿಷಯ ಏನು ಸಾರ್?”

“ಏನಿಲ್ರಿ, ಇನ್ ಮ್ಯಾಲೆ ಹೊಸಬರು ಬಂದ್ರ ಎಲ್ಲಾರ ಓಟ್ ಬೇಕೋ ಬ್ಯಾಡೋ ಅಂತ. ಜನರಲ್ ವಿಷಯ.”

ಗೌಡರು ಒಂದು ಕ್ಷಣ ಮಹಾಂತಪ್ಪನವರ ಮುಖ ನೋಡಿದರು. “ಆಯ್ತು,” ಅಂದರು.

ಚಿತ್ತಾಪುರ ದಾಟಿತು. ಗೌಡರು ತಮ್ಮದೇ ಡಬ್ಬಿ ಖಾಲಿ ಮಾಡಿ, ಒರೆಸಿ, ಬುಡ ಮೇಲೆ ಮಾಡಿ ಎಲ್ಲರಿಗೂ ತೋರಿಸಿದರು. ಮತಪೆಟ್ಟಿಗೆ ಖಾಲಿ ಇದೆ ಅಂತ ಏಜೆಂಟರಿಗೆ ತೋರಿಸುವ ಹಾಗೆ. ಮೇಲೆ ಟವೆಲ್ ಮುಚ್ಚಿದರು. ಒಬ್ಬೊಬ್ಬರ ಹೆಸರು ಕರೆದರು. ಪಕ್ಕದ ಸಾಲಿನ ಜನ ತಮ್ಮ ಮೊಬೈಲು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

ನನ್ನ ಕೈ ಟವೆಲಿನೊಳಗೆ ಹೋದಾಗ ಏನು ಮಾಡಿದೆ? ಶೇಂಗಾ ಬಿಟ್ಟೆ. ಗೌಡರು ಬೇಡ ಅಂತಲ್ಲ. ಮಕ್ಕಳಿಗೆ ಪ್ರಜಾಪ್ರಭುತ್ವದ ಪಾಠ ಮಾಡಿ ಬರುವವಳು ನಾನು, ಓಟೇ ಬೇಡ ಅನ್ನಲು ಕೈ ಬರಲಿಲ್ಲ. ಜೊತೆಗೆ, ಓಟು ಹಾಕಿದರೆ ಏನಾಗುತ್ತದೆ ನೋಡೋಣ ಅನ್ನುವ ಕುತೂಹಲ.

ಗೌಡರು ಎಣಿಸಿದರು. ನಾಲ್ಕು ಶೇಂಗಾ. ನಾಲ್ಕು ಪುಟಾಣಿ.

“ಸಮ ಆದ್ರ ಚೀಟಿ ಎತ್ತಬೇಕ್ರಿ,” ಅಂದರು ಗುರುನಾಥ ಸರ್.

“ಯಾಕ? ಸಭಾದಾಗ ಅಧ್ಯಕ್ಷರಿಗೆ ಒಂದ್ ಓಟ್ ಇರ್ತದಲ್ಲ. ಸರ್ ಹಾಕ್ಲಿ,” ಅಂದರು ಆಪಾ, ಅವಸರದಲ್ಲಿ. ಅವರ ಲೆಕ್ಕ ನನಗೆ ತಿಳಿಯಿತು. ಗೌಡರು ಒಂದು ಪುಟಾಣಿ ಹಾಕಿಬಿಟ್ಟರೆ ಓಟಿನ ಗೊಡವೆಯೇ ಇಲ್ಲ, ಅವರು ಇದ್ದಂತೆ ಇರಬಹುದು. ಮಹಾಂತಪ್ಪನವರೂ ಬೇಡ ಅನ್ನಲಿಲ್ಲ.

ಗೌಡರು ಪೊಟ್ಟಣ ಬಿಚ್ಚಿದರು. ಒಂದು ಶೇಂಗಾ ಆರಿಸಿ, ಎಲ್ಲರಿಗೂ ಕಾಣುವ ಹಾಗೆ ಡಬ್ಬಿಗೆ ಹಾಕಿದರು.

“ನಾಲ್ಕು ಜನ ಬೇಕು ಅಂತಿದಾರೆ ಅಂದ್ರೆ ಅವರ ಮನಸ್ಸಲ್ಲಿ ಏನೋ ಇದೆ ಅಂತಾಯ್ತು. ಅದು ಈಚೆಗೆ ಬರ್ಲಿ. ಓಟಿರಲಿ ಸಾರ್. ಮೊದಲನೇ ಹೆಸರು ನಂದೇ ತಗೊಳ್ಳಿ.”

ಗೌಡರು ಮೊದಲೇ ತಿಳಿದಿದ್ದರು. ಎಂಟು ಮಂದಿ ಒಂದು ವಾರವಿಡೀ ಕೈ ತೊಳೆದರೆ ಯಾರಿಗೆ ತಿಳಿಯುವುದಿಲ್ಲ?

“ಸರ್, ಹಂಗಲ್ರಿ, ನಿಮ್ಮ ಬಗ್ಗೆ ಅಲ್ರಿ ಇದು,” ಅಂದರು ಮಹಾಂತಪ್ಪನವರು.

“ಇರ್ಲಿ ಬಿಡಿ ಸಾರ್. ಅಭ್ಯರ್ಥಿನೇ ಪ್ರಿಸೈಡಿಂಗ್ ಆಫೀಸರ್ ಆಗಿದ್ದ ಅಂತ ಗೊತ್ತಾದ್ರೆ ಇವತ್ತಿನ ಎಲೆಕ್ಷನ್ನೇ ರದ್ದಾಗೋಗುತ್ತೆ,” ಅಂತ ಗೌಡರು ನಕ್ಕರು. ಎದ್ದರು. ತಮ್ಮ ಚೀಲ ತೆಗೆದುಕೊಂಡು ನಡುವಿನ ದಾರಿ ದಾಟಿ, ಮೊದಲ ದಿನ ಕೂತಿದ್ದ ಆ ಒಂಟಿ ಸೀಟಿನಲ್ಲಿ ಹೋಗಿ ಕೂತರು. ಮಹಾಂತಪ್ಪನವರಿಗೆ ಸೀಟು ಸಿಕ್ಕಿತು. ಅವರು ಕೂರಲಿಲ್ಲ. ಸೇಡಂವರೆಗೂ ಕಂಬಿ ಹಿಡಿದು ನಿಂತೇ ಬಂದರು.

ಸೋಮವಾರ ಓಟು ಅಂತ ಆಯಿತು. ಭಾನುವಾರ ಬಿಟ್ಟರೆ ನಡುವೆ ಮೂರು ದಿನ.

ಆ ಮೂರು ದಿನ ಹೇಳಬಾರದು. ಗೌಡರು ದಾರಿಯ ಆಚೆ, ಕೈ ಚಾಚಿದರೆ ಸಿಗುವಷ್ಟು ದೂರ. ತೊಡೆಯ ಮೇಲೆ ಅವರ ಡಬ್ಬಿ. ನಾವು ನಮ್ಮ ಡಬ್ಬಿ ಬಿಚ್ಚಿದೆವು. ಆಪಾ ಕರೆದರು.

“ಬರ್ರಿ ಸರ್, ನಾಷ್ಟಾ ಮಾಡಮ್ರಿ.”

“ಆತ್ರಿ, ನಿಮ್ದು ನಡೀಲಿ,” ಅಂದರು ಗೌಡರು.

ನಮ್ಮ ಮಾತಿನಲ್ಲೇ. ನಮ್ಮ ರಾಗದಲ್ಲೇ. ಹೊಟ್ಟೆಯ ಮೇಲೆ ಕೈಯಾಡಿಸಿ. ಒಂದು ತಿಂಗಳು ನಮ್ಮ ಜೊತೆ ತಿಂದು ಕಲಿಯದ ರೀತಿಯನ್ನು ಅವರು ಒಂದೇ ದಿನದಲ್ಲಿ ಕಲಿತುಬಿಟ್ಟಿದ್ದರು. ಆಪಾ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿದರು. ಅವರಿಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಅವರಿಗೇ ಗೊತ್ತಿರಲಿಲ್ಲ.

ಎರಡನೆಯ ದಿನ ಸಂಜೆ ಪ್ಲಾಟ್‌ಫಾರ್ಮಿನಲ್ಲಿ ನಾನೇ ಗೌಡರ ಹತ್ತಿರ ಹೋದೆ. ಬೇಜಾರಾಗಿದೆಯಾ ಅಂದೆ.

“ಬೇಜಾರಲ್ಲ ಮೇಡಂ. ನನಗೂ ತಿಳ್ಕೋಬೇಕು ಅನ್ನಿಸ್ತು. ಊರಲ್ಲಿ ಎಲ್ಲರಿಗೂ ನಾನು ಗೊತ್ತು, ಯಾರೂ ಕೇಳಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ. ಬರೀ ನನ್ನನ್ನ ನೋಡಿ, ನಂಜೊತೆ ತಿಂದು, ಈ ಜನ ಏನಂತಾರೆ ಅಂತ.” ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಮತ್ತೆ ಹೇಳಿದರು. “ಆದ್ರೆ ಕೋಣೇಲಿ ಒಬ್ಬನೇ ಮುದ್ದೆ ತಿರುವಿಕೊಂಡು ಒಬ್ಬನೇ ತಿನ್ನೋದಿದೆಯಲ್ಲ ಮೇಡಂ, ಅದು ಸಾಕಾಗಿದೆ. ದಿನಕ್ಕೆ ಒಂದು ಹೊತ್ತು ಜನದ ಜೊತೆ ತಿಂತಾ ಇದ್ದೆ.”

ಅವರಿಗೆ ಬೇಕಾಗಿದ್ದು ಸೀಟಲ್ಲ.

ಸೋಮವಾರ ಬಂತು. ಈ ಸಲ ಡಬ್ಬಿ ಹಿಡಿಯುವವರು ಯಾರು ಅಂತ ಗೊಂದಲವಾಗಲಿಲ್ಲ. ಶೇಂಗಾ ಮಾರುವ ಮಾಣಿಕಪ್ಪನನ್ನೇ ನಿಲ್ಲಿಸಿಕೊಂಡೆವು. ಅವನಿಗೆ ಏನು ಎತ್ತ ತಿಳಿಸಲಿಲ್ಲ, ಎಣಿಸು ಅಂದೆವು ಅಷ್ಟೇ. ಶೇಂಗಾ ಅಂದರೆ ‘ಬರ್ಲಿ’. ಪುಟಾಣಿ ಅಂದರೆ ‘ಬ್ಯಾಡ’. ದಾರಿಯ ಆಚೆ ಗೌಡರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕಿವಿ ಇತ್ತ ಇತ್ತು.

ಒಬ್ಬೊಬ್ಬರೇ ಕೈ ಹಾಕಿದೆವು. ಉಳಿದದ್ದನ್ನು ಬಾಯಿಗೆ ಹಾಕಿಕೊಂಡೆವು. ಮಾಣಿಕಪ್ಪ ಟವೆಲ್ ತೆಗೆದು, ಡಬ್ಬಿಯನ್ನು ಅಂಗೈಗೆ ಸುರಿದುಕೊಂಡು, ರೈಲಿನಲ್ಲಿ ಕೂಗಿ ಮಾರುವ ಅದೇ ದನಿಯಲ್ಲಿ ಹೇಳಿದ.

“ಏಳು ಶೇಂಗಾ, ಒಂದು ಪುಟಾಣಿ.”

ಅಂದು ಸುಮ್ಮನಾಗಲಿಲ್ಲ. “ಯಾಕ್ರೀ, ಪುಟಾಣಿ ಯಾರಿಗೂ ಸೇರಿಲ್ಲೇನು? ತಾಜಾ ಅವರಿ,” ಅಂದ.

ಗೌಡರು ಗೆದ್ದರು. ಭಾರಿ ಬಹುಮತ. ಮಹಾಂತಪ್ಪನವರೇ ಎದ್ದು ಹೋಗಿ ಅವರ ಚೀಲ ಎತ್ತಿಕೊಂಡು ಬಂದರು. ಸೀಟಿನ ವಿಷಯ? ಗುರುನಾಥ ಸರ್ ಅಂದರು, ಪಾಳಿ ಮಾಡಿದರಾಯಿತು, ದಿನಕ್ಕೊಬ್ಬರು ನಿಲ್ಲುವುದು. ಎಲ್ಲರೂ ಹೂಂ ಅಂದೆವು. ಎರಡು ನಿಮಿಷವೂ ಹಿಡಿಯಲಿಲ್ಲ. ಇದನ್ನು ಮೊದಲ ದಿನವೇ ಯಾಕೆ ಮಾಡಲಿಲ್ಲ ಅಂತ ನನ್ನನ್ನು ಕೇಳಬೇಡಿ.

ಇಲ್ಲಿಗೆ ಮುಗಿಯಬೇಕಿತ್ತು. ಸಿಹಿ ಹಂಚಬೇಕಿತ್ತು.

ಹಂಚಿದೆವು ಕೂಡ. ಆಪಾ ಮರುದಿನ ಶಾವಿಗೆ ಪಾಯಸ ತಂದರು. ರೇವಣಸಿದ್ದಪ್ಪ ಮಾಸ್ತರ ಹೋಳಿಗೆ ತಂದರು. ನಾನು ಶೇಂಗಾ ಉಂಡಿ ತಂದೆ. ಎಲ್ಲರೂ ಗೌಡರ ಡಬ್ಬಿಗೇ ಹಾಕುವವರು. ನಾ ಮುಂದು ತಾ ಮುಂದು. ಅವರು “ಸಾಕು, ಸಾಕು” ಅಂದರೂ ಕೇಳುವವರಿಲ್ಲ. ಯಾಕೆ ಈ ಪ್ರೀತಿ? ಸ್ವಲ್ಪ ಹೊತ್ತಿಗೆ ಹೊಳೆ‌ಯಿತು. ಆ ಪುಟಾಣಿ ನಂದಲ್ಲ ಅಂತ ಒಬ್ಬೊಬ್ಬರೂ ಬಡಿಸಿ ತೋರಿಸುತ್ತಿದ್ದೆವು.

ಮಹಾಂತಪ್ಪನವರ ಪಾಡು ನೋಡಲಾಗದು. ಎಲ್ಲರಿಗೂ ಅವರ ಮೇಲೇ ಗುಮಾನಿ. ಒಂದು ಬೆಳಿಗ್ಗೆ ಶಹಾಬಾದಿನಲ್ಲಿ ರೈಲು ಹತ್ತಿದವರೇ ನನ್ನ ಎದುರು ಕೂತು ಅಂದರು.

“ಮೇಡಂ, ನಮ್ಮವ್ವನ ಆಣಿ ಮಾಡಿ ಹೇಳ್ತೀನಿ. ನಾ ಶೇಂಗಾ ಹಾಕೀನಿ. ಪದ್ಧತಿ ಬೇಕು ಅಂದೆ, ಮನಷ್ಯಾ ಬ್ಯಾಡ ಅಂದಿಲ್ಲ. ಹಿಂಗ ಎಲ್ಲಾರು ನನ್ನೇ ನೋಡ್ಲಿಕತ್ರ ನಾ ಹೆಂಗ ಕುಂದರ್ಲಿ?”

ನಾನು ನಂಬಿದೆ. ನಂಬಿದ ಮರುಕ್ಷಣ ತಲೆ ಓಡಿತು. ಇವರಲ್ಲದಿದ್ದರೆ ಮತ್ತೆ ಯಾರು? ರೇವಣಸಿದ್ದಪ್ಪ ಮಾಸ್ತರ? ಮುದ್ದೆ ಹಲ್ಲಿಗೆ ಅಂಟಿದ ಸಿಟ್ಟೇ? ಗುರುನಾಥ ಸರ್? ಓಟು ಹಾಕುವಾಗ ಅವರೇಕೆ ಅಷ್ಟು ಬೇಗ ಕೈ ತೆಗೆದರು? ಪುಟಾಣಿ ಹಾಕಿದವರು ಶೇಂಗಾ ಅಗಿದಿರಬೇಕು, ಉಳಿದ ಏಳೂ ಮಂದಿ ಕಟುಂ ಅಂತ ಪುಟಾಣಿ ಕಡಿದಿರಬೇಕು. ಯಾರ ಬಾಯಿಂದ ಸದ್ದು ಬರಲಿಲ್ಲ? ನೆನಪಿಸಿಕೊಳ್ಳಲು ಹೆಣಗಿದೆ. ರೈಲಿನ ಗದ್ದಲದಲ್ಲಿ ಏನು ಕೇಳಿಸುತ್ತದೆ, ಮಣ್ಣು. ಇಷ್ಟು ವರ್ಷ ಒಂದೇ ಡಬ್ಬಿಯಲ್ಲಿ ಕೈ ಹಾಕಿ ತಿಂದವರ ದವಡೆ ಹೇಗೆ ಆಡುತ್ತದೆ ಅಂತ ನಾನು ಹಿಂದೆಂದೂ ನೋಡಿರಲಿಲ್ಲ. ಈಗ ದಿನಾ ನೋಡುತ್ತೇನೆ.

ಗೌಡರಿಗೆ ಇದೆಲ್ಲ ಅರ್ಥವಾಗಿತ್ತು. ಒಂದು ದಿನ ಅವರೇ ಮಾತೆತ್ತಿದರು.

“ಯಾರೋ ಕೈತಪ್ಪಿ ಹಾಕಿರ್ತಾರೆ ಬಿಡಿ. ಟವೆಲ್ ಕೆಳಗೆ ಯಾವುದು ಶೇಂಗಾ, ಯಾವುದು ಪುಟಾಣಿ, ಹೆಂಗೆ ಗೊತ್ತಾಗುತ್ತೆ?”

“ಹೌದ್ರಿ, ಹಂಗೇ ಆಗಿರ್ಬೇಕು,” ಅಂದರು ಮಹಾಂತಪ್ಪನವರು, ಜೀವ ಬಂದವರ ಹಾಗೆ. “ಹಂಗೇ ಆಗ್ಯದ,” ಅಂದರು ಮಾಸ್ತರ. ಎಲ್ಲರೂ ತಲೆಯಾಡಿಸಿದರು. ಎಷ್ಟು ಒಳ್ಳೆಯ ದಾರಿ ನೋಡಿ. ಕೈತಪ್ಪಿದ್ದು ನಂದೇ ಅಂತ ಯಾರಾದರೂ ಒಬ್ಬರು ಅಂದುಬಿಟ್ಟರೆ ಎಲ್ಲ ನಕ್ಕು ಹಗುರಾಗಬಹುದಿತ್ತು. ಸುಳ್ಳಿಗಾದರೂ ಅನ್ನಬಹುದಿತ್ತು. ನಾನೂ ಅನ್ನಬಹುದಿತ್ತು. ನಾವು ಕಾದೆವು. ಗೌಡರೂ ಕಾದರು.

ಯಾರೂ ಅನ್ನಲಿಲ್ಲ. ಚಿಮಣಿ ಕಾಣಿಸಿತು, ಡಬ್ಬಿ ತೊಳೆಯಲು ಎದ್ದೆವು.

ಕಳೆದ ಶುಕ್ರವಾರ ನಲ್ಲಿಯ ಹತ್ತಿರ ಆಪಾ ನನ್ನ ಕೈ ಹಿಡಿದರು. ಆಪಾ ಅಂದರೆ ನನಗೆ ಅಕ್ಕ. ನನ್ನ ಬಾಣಂತನದಲ್ಲಿ ವಾಡಿಯಿಂದ ಅಂಟಿನುಂಡಿ ಕಟ್ಟಿ ತಂದವರು.

“ಸುವರ್ಣಾ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಅದು ನಿಂದ್ ಅಲ್ಲಲ್ಲ?”

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅಲ್ಲ ಅಂದೆ. ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಅದಕ್ಕಿಂತ ನೋವಾದದ್ದು ಇನ್ನೊಂದು. ಅವರು ಕೇಳಿದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು, ಇವರದೇ ಇರಬಹುದಾ ಅಂತ. ಗೌಡರನ್ನು ಮೊದಲು ಕರೆದ ಆಪಾ ಮೇಲೆ ನನಗೆ ಅನುಮಾನ. ಎಂಥ ಹೊತ್ತು ಬಂತು ನೋಡಿ.

ನಾನು ಹಾಕಿದ್ದು ಶೇಂಗಾ. ಇಲ್ಲಿ ಅಚ್ಚಿನಲ್ಲೇ ಹೇಳುತ್ತಿದ್ದೇನೆ. ಆದರೆ ಪುಟಾಣಿ ಹಾಕಿದವರ ಕೈಗೆ ಒಂದು ಅಂಕಣ ಕೊಟ್ಟರೆ ಅವರೂ ಹೀಗೇ ಬರೆಯುತ್ತಿದ್ದರು ಅಲ್ಲವೇ? ಆಪಾ ಈ ಪತ್ರಿಕೆ ತರಿಸುತ್ತಾರೆ. ಓದಿ ಏನಂದುಕೊಳ್ಳುತ್ತಾರೋ ಗೊತ್ತಿಲ್ಲ.

ಮೊದಲು ನಮ್ಮಲ್ಲಿ ಓಟು ಇರಲಿಲ್ಲ. ಹಾಗಂತ ಎಲ್ಲರಿಗೂ ಎಲ್ಲರೂ ಇಷ್ಟವಿದ್ದರು ಅಂತಲ್ಲ. ಮಹಾಂತಪ್ಪನವರ ಗೊಣಗಾಟ ಕಂಡರೆ ನನಗೆ ಆಗುತ್ತಿರಲಿಲ್ಲ, ನನ್ನ ಉಪ್ಪು ಕಡಿಮೆಯ ಪಲ್ಯ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದನ್ನು ಎಣಿಸಲು ಯಾರೂ ಹೋಗಿರಲಿಲ್ಲ ಅಷ್ಟೇ. ಈಗ ಎಣಿಸಿದ್ದೇವೆ. ಪ್ರತಿ ಬೆಳಿಗ್ಗೆ ಒಂಬತ್ತು ಡಬ್ಬಿ ಬಿಚ್ಚುತ್ತೇವೆ, ಮತ್ತು ಹೆಸರಿಲ್ಲದ ಆ ಒಂದು ‘ಬ್ಯಾಡ’ ನಮ್ಮ ನಡುವೆಯೇ ಕೂತಿರುತ್ತದೆ.

ಒಂಬತ್ತನೆಯವರಿಗೇನೋ ಪಾಳಿ ಹಚ್ಚಿ ಜಾಗ ಮಾಡಿದೆವು, ಈ ಹತ್ತನೆಯದನ್ನು ಯಾವ ಸ್ಟೇಷನ್ನಿನಲ್ಲಿ ಇಳಿಸೋಣ?